ಒಂದೂವರೆ ಕೆಜಿ

"ಅಕ್ಕಾ, ಇಲ್ಲಿ ನೋಡಿ. ಪೋಸ್ಟ್‌ಮ್ಯಾನ್ ಅಜ್ಜ ಮೂರನೇ ಪ್ಲೇಟಿನ ಮೇಲೆ ಬಂದಾಗ ಒಂದೂವರೆ ಕೆಜಿ ಇಳಿದುಬಿಟ್ಟಿದ್ದಾರೆ. ನಾಲ್ಕನೇದಕ್ಕೆ ಹೋಗೋ ಹೊತ್ತಿಗೆ ಮತ್ತೆ ತುಂಬ್ಕೊಂಡಿದ್ದಾರೆ. ಇದ್ಯಾವ ಪಥ್ಯ, ನನಗೂ ಸ್ವಲ್ಪ ಹೇಳಿಕೊಡಿ."

ತಕ್ಕಡಿ ಎಂದು ಎಲ್ಲರೂ ಕರೆಯುವವನು ಪೆನ್ನಿನ ತುದಿಯಿಂದ ಪರದೆಯ ಮೇಲಿನ ಗೆರೆಯನ್ನು ಮುಟ್ಟಿ ತೋರಿಸಿದ. ಅವನು ವಿಶ್ವವಿದ್ಯಾಲಯದ ನಡಿಗೆ ಪ್ರಯೋಗಾಲಯದ ತಂತ್ರಜ್ಞ. ಅಲ್ಲಿನ ಉದ್ದನೆಯ ನೆಲಹಾಸಿನ ಕೆಳಗೆ, ಕಾಲಿಟ್ಟವರ ಭಾರವನ್ನು ಗಳಿಗೆ ಗಳಿಗೆಗೂ ಅಳೆಯುವ ಐದು ಪ್ಲೇಟುಗಳನ್ನು ಹುದುಗಿಸಿದ್ದರು. ಹತ್ತೊಂಬತ್ತು ವರ್ಷಗಳಿಂದ ಅವುಗಳ ಪಾಲನೆ ಪೋಷಣೆ ಅವನದೇ ಆದ್ದರಿಂದ ಇಡೀ ವಿಭಾಗಕ್ಕೆ ಅವನು ತಕ್ಕಡಿ. ತನಗಿಂತ ಹತ್ತು ವರ್ಷ ಚಿಕ್ಕವಳನ್ನು ಅಕ್ಕ ಎನ್ನಲು ಅವನಿಗೆ ಸಂಕೋಚವಿರಲಿಲ್ಲ. ಇಲ್ಲಿ ನಡೆದು ತೋರಿಸಲು ಬರುವ ಎಪ್ಪತ್ತೆಂಟರ ಪೋಸ್ಟ್‌ಮ್ಯಾನ್ ಅಜ್ಜನೇ ಅಕ್ಕ ಎನ್ನುವಾಗ ತನ್ನದೇನು ಎಂಬುದು ಅವನ ವಾದ.

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಅವಳು ಹದಿನಾಲ್ಕು ವರ್ಷಗಳಿಂದ ಫಿಸಿಯೋಥೆರಪಿಸ್ಟ್. ಆ ಹೆಸರಿಗೆ ನಾಲಿಗೆ ಹೊರಳದ ರೋಗಿಗಳು ಅವಳನ್ನು ನಡೆಸೋ ಅಕ್ಕ ಎಂದು ಕರೆಯುತ್ತಿದ್ದರು. ಸೊಂಟ ಮುರಿದವರು, ಮಂಡಿ ಬದಲಾಯಿಸಿಕೊಂಡವರು ಮಂಚದಿಂದ ಇಳಿದು ಇಡುವ ಮೊದಲ ಹೆಜ್ಜೆ ಅವಳ ಕೈಯಲ್ಲೇ. ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಬ್ಬರೂ ಬಿದ್ದಿರಲಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹೇಳುವ ಅಗತ್ಯ ಬರದಷ್ಟು ಅದು ಎಲ್ಲರಿಗೂ ಗೊತ್ತಿತ್ತು.

ಆದರೆ ಅವಳ ಕೈಯಿಂದ ಚೆನ್ನಾಗಿ ನಡೆದುಕೊಂಡು ಹೋದವರಲ್ಲಿ ಕೆಲವರು ಮೂರು ತಿಂಗಳಿಗೋ ಆರು ತಿಂಗಳಿಗೋ ಮನೆಯಲ್ಲಿ ಬಿದ್ದು, ಇನ್ನೊಂದು ಕಡೆಯ ಸೊಂಟ ಮುರಿದುಕೊಂಡು ಅದೇ ವಾರ್ಡಿಗೆ ವಾಪಸು ಬರುತ್ತಿದ್ದರು. ಯಾಕೆ ಎಂದು ಡಾಕ್ಟರನ್ನು ಕೇಳಿದರೆ ವಯಸ್ಸು ಎನ್ನುತ್ತಿದ್ದರು. ವಯಸ್ಸು ವಾರ್ಡಿನಲ್ಲೂ ಅಷ್ಟೇ ಇತ್ತಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಅವಳನ್ನು ಇಲ್ಲಿಗೆ ಎಳೆದು ತಂದದ್ದು ಆ ಪ್ರಶ್ನೆಯೇ. ಮನುಷ್ಯರ ಚಲನೆಯನ್ನು ಅಧ್ಯಯನ ಮಾಡುವ ಈ ವಿಭಾಗದಲ್ಲಿ ಫೆಲೋಶಿಪ್ ಇರುವ ಪಿಎಚ್‌ಡಿ ಸೀಟು ಆ ವರ್ಷ ಒಂದೇ ಒಂದು. ಫೆಲೋಶಿಪ್ ಇಲ್ಲದೆ ಅವಳು ಆಸ್ಪತ್ರೆಯ ಕೆಲಸ ಬಿಡುವ ಹಾಗಿರಲಿಲ್ಲ. ನಲವತ್ತು ದಾಟಿದ ಮೇಲೆ ಅರ್ಜಿ ಹಾಕುವ ಹಾಗೂ ಇರಲಿಲ್ಲ. ಕೊನೆಗೆ ಕಣದಲ್ಲಿ ಉಳಿದವರು ಅವಳು ಮತ್ತು ಒಬ್ಬ ಎಂಜಿನಿಯರ್ ಹುಡುಗಿ. ಪ್ರೊಫೆಸರ್ ಮೇಡಂ ಇಬ್ಬರಿಗೂ ಆರು ವಾರ ಕೊಟ್ಟಿದ್ದರು. ತಲಾ ಇಪ್ಪತ್ತು ಮಂದಿ ವಯಸ್ಸಾದವರನ್ನು ಹತ್ತು ಹತ್ತು ಸಲ ನಡೆಸಿ, ಅಳೆದು, ಏನು ಕಂಡಿರೆಂದು ಶುಕ್ರವಾರ ಮಧ್ಯಾಹ್ನ ಬಂದು ಹೇಳಬೇಕು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪ್ರಯೋಗಾಲಯ ಎಂದು ಓಡಾಡಿ ಅವಳು ಇಪ್ಪತ್ತನ್ನೂ ಮುಗಿಸಿದ್ದಳು. ಇವತ್ತು ಮಂಗಳವಾರ.

"ಪ್ಲೇಟ್ ಕೆಟ್ಟಿರಬೇಕು ಅಣ್ಣ," ಎಂದಳು.

ತಕ್ಕಡಿ ಎದ್ದು ಹೋಗಿ, ಚಪ್ಪಲಿ ಬಿಟ್ಟು, ಮೂರನೇ ಪ್ಲೇಟಿನ ಮೇಲೆ ನಿಂತ.

"ಎಷ್ಟು ತೋರಿಸ್ತಿದೆ?"

"ಎಪ್ಪತ್ನಾಲ್ಕು."

ಒಂದು ಹೆಜ್ಜೆ ಸರಿದು ನಾಲ್ಕನೇದರ ಮೇಲೆ ನಿಂತ. "ಈಗ?"

"ಎಪ್ಪತ್ನಾಲ್ಕೇ."

"ಬೆಳಿಗ್ಗೆ ಮನೆ ಮಷೀನೂ ಅದನ್ನೇ ತೋರಿಸಿ, ಹೆಂಡತಿ ಕೈಲಿ ನನಗೆ ಬೈಸ್ತು. ನನ್ನನ್ನ ಏನು ಬೇಕಾದ್ರೂ ಅನ್ನಿ ಅಕ್ಕಾ, ಪ್ಲೇಟಿಗೆ ಮಾತ್ರ ಏನೂ ಅನ್ಬೇಡಿ."

ವಾಪಸು ಬಂದು ಕೂತು ಬಿಡಿಸಿ ಹೇಳಿದ. ನಡೆಯುವಾಗ ಕಾಲಿನ ಭಾರ ಒಂಟೆಯ ಡುಬ್ಬದ ಹಾಗೆ ಎರಡು ಕಡೆ ಏರಿ ಇಳಿಯುತ್ತದೆ, ಅದು ಸಹಜ. ಆದರೆ ಎರಡೂ ಕಾಲಿನದನ್ನು ಕೂಡಿಸಿ ಸರಾಸರಿ ಹಾಕಿದರೆ ಆ ಮನುಷ್ಯ ನಿಂತಾಗ ಇದ್ದ ತೂಕವೇ ಬರಬೇಕು. ಕಡಿಮೆ ಬಂತೆಂದರೆ ಉಳಿದದ್ದನ್ನು ಬೇರೆ ಯಾರೋ ಹೊತ್ತಿದ್ದಾರೆ ಎಂದೇ ಲೆಕ್ಕ.

"ಯಾರು ಹೊರ್ತಾರೆ? ನಾನು ಪಕ್ಕದಲ್ಲೇ ಇದ್ನಲ್ಲ. ಯಾರೂ ಮುಟ್ಟಿಲ್ಲ."

"ನೀವು?"

"ನಾನಂತೂ ಮುಟ್ಟಲೇ ಇಲ್ಲ. ಮುಟ್ಟಬಾರದು ಅಂತ ಮೇಡಂ ಮೊದಲ ದಿನವೇ ಹೇಳಿದ್ರಲ್ಲ."

ತಕ್ಕಡಿ ಅದೇ ನಡಿಗೆಯ ಕ್ಯಾಮೆರಾ ಚಿತ್ರವನ್ನು ಪರದೆಗೆ ತಂದ. ಕೋಣೆಯ ಸುತ್ತ ಗೋಡೆಗೆ ಹಾಕಿದ್ದ ಹತ್ತು ಕ್ಯಾಮೆರಾಗಳಿಗೆ ಮನುಷ್ಯರು ಕಾಣುತ್ತಿರಲಿಲ್ಲ; ಅವರ ಮೈಮೇಲೆ ಟೇಪಿನಿಂದ ಅಂಟಿಸಿದ ಹೊಳೆಯುವ ಪುಟ್ಟ ಗುಂಡುಗಳು ಮಾತ್ರ ಕಾಣುತ್ತಿದ್ದವು. ಹಾಗಾಗಿ ಪರದೆಯ ಮೇಲೆ ಪೋಸ್ಟ್‌ಮ್ಯಾನ್ ಅಜ್ಜ ಎಂದರೆ ಕಪ್ಪು ಬಯಲಿನಲ್ಲಿ ನಡೆದು ಹೋಗುವ ಮೂವತ್ತೊಂಬತ್ತು ಚುಕ್ಕಿ. ಮೂರನೇ ಪ್ಲೇಟಿನ ಹತ್ತಿರ ಬಲಸೊಂಟದ ಚುಕ್ಕಿ ಕಣ್ಣು ಮಿಟುಕಿಸಿದಷ್ಟು ಹೊತ್ತು ಮಾಯವಾಗಿ ಮತ್ತೆ ಬಂತು.

"ಇಲ್ಲಿ ಏನೋ ಅಡ್ಡ ಬಂದಿದೆ. ಗುಂಡು ಅಂಟಿಸ್ಕೊಳ್ಳದೆ ಇರೋದು ಏನೋ ಒಂದು," ಎನ್ನುತ್ತಾ ಅವನು ಮೂಲೆಯಲ್ಲಿದ್ದ ಸಾದಾ ವಿಡಿಯೋ ಕ್ಯಾಮೆರಾದ ಫೈಲು ತೆರೆದ.

ಅದರಲ್ಲಿ ಅಜ್ಜ ನಡೆದು ಬರುತ್ತಿದ್ದ. ಮೂರನೇ ಪ್ಲೇಟಿನ ಹತ್ತಿರ ಎಡಗೋಡೆಯ ಮೇಲೆ ಒಂದು ಅಂಕಿ ಬೆಳಗುತ್ತದೆ; ನಡೆಯುತ್ತಲೇ ಕತ್ತು ತಿರುಗಿಸಿ ಅದನ್ನು ಓದಿ ಹೇಳಬೇಕು. ಮನೆಯಲ್ಲಿ ಯಾರಾದರೂ ಕರೆದರೆ ಮುದುಕರು ನಡೆಯುತ್ತಲೇ ತಿರುಗಿ ನೋಡುತ್ತಾರಲ್ಲ, ಬೀಳುವುದು ಹೆಚ್ಚಾಗಿ ಆಗಲೇ. ಆ ಗಳಿಗೆಯನ್ನು ಹಿಡಿಯಲು ಮೇಡಂ ಮಾಡಿದ ಏರ್ಪಾಡು ಅದು. ಅಜ್ಜ ಕತ್ತು ತಿರುಗಿಸಿದ. ಬಲಗಡೆ ಒಂದು ಹೆಜ್ಜೆ ಹಿಂದೆ ಬರುತ್ತಿದ್ದ ಬಿಳಿ ಕೋಟಿನ ಹೆಂಗಸಿನ ಎಡಗೈ ಮುಂದೆ ಹೋಯಿತು. ಎರಡು ಬೆರಳು ಅಜ್ಜನ ಮೊಣಕೈ ಕೆಳಗೆ ಕೂತವು, ಎತ್ತಿದವು, ಹಿಂದಕ್ಕೆ ಬಂದವು. ಹೆಂಗಸಿನ ಕಣ್ಣು ಅಜ್ಜನ ಪಾದದ ಮೇಲಿತ್ತು. ತನ್ನ ಕೈ ಎಲ್ಲಿಗೆ ಹೋಗಿ ಬಂತೆಂದು ಆಕೆ ನೋಡಲೇ ಇಲ್ಲ.

ಅವಳು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದಳು. ಕೈ ತನ್ನದೇ, ಮಣಿಕಟ್ಟಿನ ಗಡಿಯಾರವೂ ತನ್ನದೇ. ಮುಟ್ಟಿದ ನೆನಪು ಮಾತ್ರ ಎಲ್ಲೂ ಇರಲಿಲ್ಲ.

"ಕಳ್ಳನಿಗಾದ್ರೂ ತಾನು ಕದ್ದಿದ್ದು ಗೊತ್ತಿರುತ್ತೆ," ಎಂದಳು.

ಸಂಜೆ ಐದರೊಳಗೆ ಇಬ್ಬರೂ ಕೂತು ಇನ್ನೂರು ನಡಿಗೆಯನ್ನೂ ಜಾಲಾಡಿದರು. ಆರು ಮಂದಿಯ ಹನ್ನೊಂದು ನಡಿಗೆಗಳಲ್ಲಿ ಅವಳ ಕೈ ಇತ್ತು. ಪೋಸ್ಟ್‌ಮ್ಯಾನ್ ಅಜ್ಜನವು ಮೂರು. ಶಾಲೆಯಿಂದ ನಿವೃತ್ತರಾಗಿದ್ದ ಟೀಚರ್ ಅಜ್ಜಿಯದು ಒಂದು.

"ಹನ್ನೊಂದೇ ತಾನೆ. ತೆಗೆದುಹಾಕಿ," ಎಂದ ತಕ್ಕಡಿ. "ಹಾಳಾದ ನಡಿಗೆ ತೆಗೆಯೋದು ಇಲ್ಲಿ ಎಲ್ಲರೂ ಮಾಡೋದೇ. ಇನ್ನೂ ನೂರ ಎಂಬತ್ತೊಂಬತ್ತು ಉಳಿಯುತ್ತೆ. ಯಾರೂ ಕೇಳಲ್ಲ."

ಅವಳು ಪಟ್ಟಿಯ ಮೇಲೆ ಬೆರಳಿಟ್ಟು ಹನ್ನೊಂದನ್ನೂ ಮತ್ತೊಮ್ಮೆ ಎಣಿಸಿದಳು. ಶುಕ್ರವಾರಕ್ಕೆ ಅದು ಸುಲಭದ ದಾರಿ ಎಂದು ಅವಳಿಗೂ ಗೊತ್ತಿತ್ತು.

"ಅಣ್ಣ, ನನ್ನ ಕೈ ಸುಮ್ಮಸುಮ್ಮನೆ ಹೋಗಿರಲ್ಲ. ಅವರು ವಾಲಿದಾಗಲೇ ಹೋಗಿರೋದು. ಇವನ್ನ ತೆಗೆದ್ರೆ ವಾಲಿದ್ದೆಲ್ಲ ಹೋಗಿ, ಚೆನ್ನಾಗಿ ನಡೆದಿದ್ದು ಮಾತ್ರ ಉಳಿಯುತ್ತೆ. ಕಾಗದದ ಮೇಲೆ ಅಜ್ಜ ಸಿಪಾಯಿ ಥರ ನಡೀತಾರೆ. ಮನೇಲಿ ಬೀಳ್ತಾರೆ."

"ಹಾಗಾದ್ರೆ ಆ ಆರು ಮಂದೀನ ಮತ್ತೆ ನಡೆಸಿ. ಇನ್ನೂ ಎರಡು ಮಧ್ಯಾಹ್ನ ಇದೆ."

"ಮತ್ತೆ ನಡೆಸಿದ್ರೂ ಕೈ ಹೋಗುತ್ತೆ. ಹೋಗಿದ್ದೇ ನನಗೆ ಗೊತ್ತಾಗಲ್ವಲ್ಲ!"

ತಕ್ಕಡಿ ತಲೆಯೆತ್ತಿ ಚಾವಣಿ ನೋಡಿದ. ಅಲ್ಲಿ ಕೋಣೆಯ ಉದ್ದಕ್ಕೂ ಒಂದು ಹಳಿ, ಹಳಿಯಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ನಡೆಯುವವರು ತೊಡುವ ಪಟ್ಟಿಗಳ ಜಾಕೆಟ್. ನಡೆದಂತೆಲ್ಲ ಅದು ಹಳಿಯ ಮೇಲೆ ಹಿಂದೆ ಹಿಂದೆ ಬರುತ್ತದೆ. ಹಗ್ಗ ಸಡಿಲವಾಗಿಯೇ ಇರುತ್ತದೆ, ಬಿದ್ದರೆ ಮಾತ್ರ ಬಿಗಿಯುತ್ತದೆ.

"ಅದು ಹಿಡ್ಕೊಳ್ಳುತ್ತೆ ಅಂತ ನಿಮ್ಮ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ. ಅಷ್ಟೇ," ಎಂದ.

ಮನೆಗೆ ಬಂದಾಗ ಅತ್ತೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು. ಸೊಸೆಯ ಮುಖ ನೋಡಿದವರೇ, "ಏನೇ, ಫೇಲಾದ್ಯಾ?" ಎಂದರು.

"ಇನ್ನೂ ಇಲ್ಲ ಅತ್ತೆ. ಶುಕ್ರವಾರ."

"ಅಲ್ಲ ಕಣೇ, ನಡೆಯೋದಕ್ಕೂ ಡಾಕ್ಟರೇಟ್ ಕೊಡ್ತಾರೆ ಅಂದ್ರೆ ನಾನು ಇಷ್ಟು ವರ್ಷ ನಡೆದು ನಡೆದು ಪಾದ ಸವೆಸಿದ್ನಲ್ಲ, ನನಗ್ಯಾಕೆ ಯಾರೂ ಕರೆದು ಕೊಡ್ಲಿಲ್ಲ?"

"ನಿನಗೆ ಕೊಡೋದಾದ್ರೆ ಕೂತ್ಕೊಂಡು ಮಾತಾಡೋದಕ್ಕೆ ಕೊಡ್ಬೇಕಮ್ಮ," ಎಂದ ಅವಳ ಗಂಡ, ಬಚ್ಚಲ ಬಾಗಿಲಲ್ಲಿ ನಿಂತು ಕೈಯ ಗ್ರೀಸು ತಿಕ್ಕುತ್ತಾ. ಅವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕಟ್ಟಡಗಳ ಹೊಟ್ಟೆಯೊಳಗೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡುವವನು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಗಂಡ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ.

"ಹೊಸಬರು ಕೆಲಸಕ್ಕೆ ಸೇರಿದಾಗ ಅವರಿಗೂ ಇದೇ ಕಾಯಿಲೆ ಇರುತ್ತೆ. ಬೆಲ್ಟ್ ಕಟ್ಟಿರ್ತೀವಿ, ಆದ್ರೂ ಒಂದು ಕೈ ಕಂಬಿ ಬಿಡಲ್ಲ. ಇನ್ನೊಂದೇ ಕೈಲಿ ನಟ್ಟು ತಿರುಗಿಸ್ತೀನಿ ಅಂತಾರೆ. ಆಗುತ್ತಾ?"

"ಆಗ ಏನ್ರೀ ಮಾಡ್ತೀರಿ?"

"ಬೀಳಿಸ್ತೀವಿ."

"ಅಯ್ಯೋ ಪಾಪಿ!" ಎಂದರು ಅತ್ತೆ.

"ಒಂದು ಮೊಳ ಎತ್ತರದಿಂದ ಅಮ್ಮ. ಹಗ್ಗ ಸಿಕ್ಕಿಸಿ, ಎರಡೂ ಕಾಲು ಎತ್ತು ಅಂತೀವಿ. ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಒಂದ್ಸಲ ನೇತಾಡಿದ್ರೆ ಮೈ ನಂಬುತ್ತೆ, ಆಮೇಲೆ ಕೈ ತಾನಾಗೇ ಬಿಡುತ್ತೆ." ಹೆಂಡತಿಯ ಕಡೆ ತಿರುಗಿದ. "ಆ ಜಾಕೆಟ್ಟು ಒಂದು ದಿನ ಆದ್ರೂ ನೀನು ಹಾಕ್ಕೊಂಡಿದೀಯಾ?"

ಹಾಕಿಕೊಂಡಿರಲಿಲ್ಲ. ಇಪ್ಪತ್ತು ಮಂದಿಗೆ ತೊಡಿಸಿ, ಪಟ್ಟಿ ಬಿಗಿದು, ಹೆದರಬೇಡಿ ಎಂದು ಬೆನ್ನು ತಟ್ಟಿದ್ದಳು.

ಬುಧವಾರ ವಾರ್ಡಿನ ಕೆಲಸ ಮುಗಿಸಿ ಬಂದವಳೇ ಜಾಕೆಟ್ಟು ತೊಟ್ಟು ಹಳಿಯ ಕೆಳಗೆ ನಿಂತಳು. ಬೀಳುವುದು ಅಂದುಕೊಂಡಷ್ಟು ಸುಲಭವಲ್ಲ. ಮೊದಲ ಸಲ ಮುಂದಕ್ಕೆ ವಾಲಿದಾಗ ಬಲಗಾಲು ತಾನೇ ಓಡಿಬಂದು ಹಿಡಿಯಿತು. ಎರಡನೇ ಸಲ ಎಡಗಾಲು.

"ನೋಡಿ, ನಿಮ್ಮ ಕಾಲೂ ನಿಮ್ಮ ಕೈ ಥರಾನೇ. ಹೇಳಿದ ಮಾತು ಕೇಳಲ್ಲ," ಎಂದ ತಕ್ಕಡಿ.

ಮೂರನೇ ಸಲ ಕಣ್ಣು ಮುಚ್ಚಿ ಎರಡೂ ಮಂಡಿ ಸಡಿಲ ಬಿಟ್ಟಳು. ತೊಡೆಗೆ, ಕಂಕುಳಿಗೆ ಪಟ್ಟಿಗಳು ಒತ್ತಿಕೊಂಡವು. ಕಣ್ಣು ಬಿಟ್ಟಾಗ ಮಂಡಿ ನೆಲದಿಂದ ಒಂದು ಗೇಣು ಮೇಲಿತ್ತು, ಅವಳು ಒಣಹಾಕಿದ ಅಂಗಿಯ ಹಾಗೆ ಮೆಲ್ಲಗೆ ತಿರುಗುತ್ತಿದ್ದಳು. ಗೋಡೆ, ಕ್ಯಾಮೆರಾ, ತ‌ಕ್ಕಡಿ, ಮತ್ತೆ ಗೋಡೆ. ಅವಳಿಗೆ ನಗು ಬಂತು.

"ಇನ್ನೊಂದ್ಸಲ," ಎಂದಳು. ಅವತ್ತು ಒಂಬತ್ತು ಸಲ ಬಿದ್ದಳು.

ನಂತರ ಫೋನು ಹಿಡಿದು ಕೂತಳು. ಆರು ಮಂದಿಯಲ್ಲಿ ಒಬ್ಬರು ಮಗಳ ಮನೆಗೆ ಹೋಗಿದ್ದರು, ವಾಪಸು ಬರುವುದು ಮುಂದಿನ ತಿಂಗಳು. ಟೀಚರ್ ಅಜ್ಜಿ ಆ ಗುಂಡಿನ ಟೇಪು ಕೀಳುವಾಗ ಚರ್ಮವೇ ಕಿತ್ತುಬರುತ್ತದೆಂದು ಗದರಿ, ನೀನೇ ಕೀಳುವುದಾದರೆ ಬರುತ್ತೇನೆ ಎಂದರು. ಪೋಸ್ಟ್‌ಮ್ಯಾನ್ ಅಜ್ಜ, "ಮತ್ತೆ ಬರ್ಬೇಕಾ? ಯಾಕಕ್ಕಾ, ಮೊದಲ ಸಲ ವಿಳಾಸ ಸರಿ ಇರ್ಲಿಲ್ವಾ?" ಎಂದು ಕೇಳಿ ತಾನೇ ನಕ್ಕ.

ಗುರುವಾರ ಐದು ಮಂದಿಯೂ ಬಂದರು. ಅಕ್ಕ ಮೇಜಿನ ಹಿಂದೆ ದೂರ ಕೂತರೆ ಒಳ್ಳೆಯದೆಂದು ತಕ್ಕಡಿ ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. ಹೋದ ಸಲ ಎಲ್ಲಿದ್ದಳೋ ಈ ಸಲವೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಅದು ಬೇರೆಯೇ ನಡಿಗೆಯಾಗುತ್ತದೆ ಎಂಬುದು ಅವಳ ವಾದ. ಎರಡೂ ಕೈ ಹಿಂದಕ್ಕೆ ಕಟ್ಟಿ, ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡು ನಿಂತಳು.

"ಅರೆಸ್ಟ್ ಆಗಿದೀರಾ ಅಕ್ಕಾ?" ಎಂದ ಅಜ್ಜ, ಜಾಕೆಟ್ಟು ತೊಡಿಸಿಕೊಳ್ಳುತ್ತಾ.

"ಹೂಂ. ಇವತ್ತು ಬೇಲ್ ಇಲ್ಲ. ನಡೀರಿ."

ಮೊದಲ ನಾಲ್ಕು ನಡಿಗೆ ಸರಿಯಾಗೇ ಆದವು. ಐದನೆಯದರಲ್ಲಿ ಗೋಡೆಯ ಮೇಲೆ ಅಂಕಿ ಬೆಳಗಿತು, ಅಜ್ಜ ಕತ್ತು ತಿರುಗಿಸಿದ, ಎಡಪಾದ ಬಲಪಾದದ ದಾರಿಗೆ ಅಡ್ಡ ಬಂತು. ಅಜ್ಜನ ಇಡೀ ಮೈ ಬಲಕ್ಕೆ, ಅವಳ ಕಡೆಗೆ, ಬಾಗಿಲು ತೆರೆದುಕೊಂಡ ಹಾಗೆ ವಾಲಿತು. ಅವಳ ಎಡಗೈ ಕಿತ್ತುಕೊಂಡು ಹೊರಟಿತು. ಬಲಗೈ ಉಗುರು ಊರುವಷ್ಟು ಬಿಗಿಯಾಗಿ ಹಿಡಿಯಿತು. ಮೇಲೆ ಹಗ್ಗವಿದೆ ಎಂದು ಅವಳ ತೊಡೆಗೆ, ಕಂಕುಳಿಗೆ ಗೊತ್ತಿತ್ತು. ಆದರೂ ಆ ಅರ್ಧ ಸೆಕೆಂಡು ಬಹಳ ಉದ್ದವಾಗಿತ್ತು.

ಹಗ್ಗ ಬಿಗಿಯಲಿಲ್ಲ. ಅಜ್ಜನ ಬಲಗಾಲು ಒಂದು ಪುಟ್ಟ, ಅವಸರದ ಹೆಜ್ಜೆಯನ್ನು ಪಕ್ಕಕ್ಕೆ ಇಟ್ಟಿತು. ಎಡತೋಳು ರೆಕ್ಕೆಯ ಹಾಗೆ ಎದ್ದಿತು. ಮೈ ಒಂದು ಸಲ ತೂಗಿ ನೆಟ್ಟಗಾಯಿತು. "ಏಳು!" ಎಂದು ಗೋಡೆಯ ಅಂಕಿಯನ್ನು ಜೋರಾಗಿ ಓದಿ ಹೇಳಿ ಅಜ್ಜ ಮುಂದಕ್ಕೆ ಹೋದ.

ಅವಳು ಅಲ್ಲೇ ನಿಂತುಬಿಟ್ಟಳು. ಮುದುಕರು ವಾಲುವುದನ್ನು ಅವಳು ಸಾವಿರ ಸಲ ನೋಡಿದ್ದಳು. ವಾಲಿದ ಮೇಲೆ ಏನಾಗುತ್ತದೆ ಎನ್ನುವುದನ್ನು ಹದಿನಾಲ್ಕು ವರ್ಷಗಳಲ್ಲಿ ಒಂದು ಸಲವೂ ನೋಡಿರಲಿಲ್ಲ. ಪ್ರತಿ ಸಲವೂ ಅಲ್ಲಿಗೆ ಅವಳ ಕೈ ಮೊದಲೇ ಹೋಗಿ ಮುಟ್ಟಿರುತ್ತಿತ್ತು.

"ಯಾಕಕ್ಕಾ, ಇವತ್ತು ಹಿಡ್ಕೊಳ್ಲಿಲ್ಲ?" ಎಂದು ಅಜ್ಜ ಆ ಕೊನೆಯಿಂದ ಕೇಳಿದ.

"ಹೋದ ಸಲ ಹಿಡ್ಕೊಂಡಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನೀವು ಹಿಡ್ಕೋತೀರಿ ಅಂತಾನೇ ಅಲ್ವಾ ನಾನು ಆರಾಮಾಗಿ ಮೈ ಬಿಟ್ಟಿದ್ದು. ಇವತ್ತು ನೀವು ಕೈ ಕಟ್ಕೊಂಡಿದ್ದು ನೋಡ್ದೆ. ಸರಿ, ನಮ್ಮ ಕೆಲಸ ನಾವೇ ಮಾಡ್ಕೋಬೇಕು ಅಂತ ಅಂದ್ಕೊಂಡೆ."

ತಕ್ಕಡಿ ಪರದೆಯಿಂದ ಕಣ್ಣು ತೆಗೆಯದೆ ಕೂಗಿದ: "ಅಕ್ಕಾ, ಐವತ್ತೆಂಟು ಕೆಜಿ. ಮೂರನೇದರ ಮೇಲೂ ಐವತ್ತೆಂಟು. ಅಜ್ಜ ಪೂರ್ತಿ ಇದ್ದಾರೆ."

ಐದು ಮಂದಿಯಲ್ಲಿ ಮೂವರು ಹೀಗೆಯೇ ತಾವೇ ಸಾವರಿಸಿಕೊಂಡರು. ಇಬ್ಬರು ನೇತಾಡಿದರು. ನೇತಾಡಿದವರಲ್ಲಿ ಒಬ್ಬರು ಟೀಚರ್ ಅಜ್ಜಿ. ಅವಳ ಕೈ ಒಂದೇ ಒಂದು ಸಲ ಮುಟ್ಟಿದ್ದ, ಇವರಿಗೇನೂ ಆಗುವುದಿಲ್ಲ ಎಂದು ಅವಳು ಪಣ ಕಟ್ಟಲೂ ತಯಾರಿದ್ದ ಅಜ್ಜಿ. ಯಾವ ಮುನ್ಸೂಚನೆಯೂ ಇಲ್ಲದೆ ಮೂಟೆಯಂತೆ ಕುಸಿದು ಹಗ್ಗಕ್ಕೆ ಜೋತುಬಿದ್ದರು. ಅವಳು ಓಡಿ ಹೋಗಿ ಎತ್ತಿ ನಿಲ್ಲಿಸಿದಾಗ ಅವರ ಮುಖ ಬಿಳಿಚಿತ್ತು.

"ಮನೇಲೂ ಹೀಗೆ ಆಗುತ್ತಾ ಟೀಚರ್?"

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎರಡು ಸಲ ಆಗಿದೆ. ಸೊಸೆಗೆ ಹೇಳ್ಬೇಡ. ಹೇಳಿದ್ರೆ ಅಂಗಳಕ್ಕೂ ಬಿಡಲ್ಲ."

ಅವಳು ಟೇಪುಗಳನ್ನು ಒದ್ದೆ ಹತ್ತಿಯಿಂದ ನೆನೆಸಿ, ಚರ್ಮ ಎಳೆಯದಂತೆ ಒಂದೊಂದಾಗಿ ಬಿಡಿಸಿದಳು. ಅಜ್ಜಿಗೆ ಯಾವ ವ್ಯಾಯಾಮ ಬೇಕು, ಯಾವ ಡಾಕ್ಟರನ್ನು ಕಾಣಬೇಕು ಎಂದು ಅಷ್ಟರಲ್ಲೇ ಒಂದು ಚೀಟಿ ಬರೆದು ಅವರ ಚೀಲಕ್ಕೆ ಹಾಕಿದಳು. ಸೊಸೆಗೆ ಅಜ್ಜಿಯೇ ಹೇಳುತ್ತಾರೆಂಬ ಒಪ್ಪಂದವೂ ಆಯಿತು.

ಶುಕ್ರವಾರ ಮಧ್ಯಾಹ್ನ ಮೇಡಂ ಕಿಟಕಿಯ ಪರದೆ ಎಳೆಸಿ, ಒಂದು ನೋಟುಪುಸ್ತಕ ಇಟ್ಟುಕೊಂಡು ಕೂತರು. ಎಂಜಿನಿಯರ್ ಹುಡುಗಿ ಮೊದಲು ಮಾತಾಡಿದಳು. ಅವಳ ಗೆರೆಗಳು ಚೆಂದವಾಗಿದ್ದವು, ಮಾತು ತಡೆಯಿಲ್ಲದೆ ಹರಿಯುತ್ತಿತ್ತು. ಇಪ್ಪತ್ತು ಮಂದಿಯ ನಡಿಗೆಗಳೂ ಒಂದರ ಮೇಲೊಂದು ಹೊಂದಿಕೊಂಡು ಕೂತಿದ್ದವು. ತನ್ನದು ಇಲ್ಲಿಗೆ ಮುಗಿಯಿತು ಎಂದುಕೊಂಡಳು ನಡೆಸೋ ಅಕ್ಕ.

"ಎಷ್ಟು ನಡಿಗೆ ತೆಗೆದುಹಾಕಿದೀರಿ?" ಎಂದು ಮೇಡಂ ಕೇಳಿದರು.

"ನಲವತ್ತೆರಡು ಮೇಡಂ. ಪ್ರೋಗ್ರಾಮ್ ತಾನೇ ಆರಿಸಿ ತೆಗೆಯುತ್ತೆ."

"ಯಾವುದನ್ನ?"

"ಲಯ ತಪ್ಪಿದ್ದನ್ನ," ಎಂದಳು ಹುಡುಗಿ; ಆ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಸ್ವಲ್ಪ ತಡೆದಳು. ಮೇಡಂ ಏನೋ ಬರೆದುಕೊಂಡರು.

ಅಕ್ಕನ ಸರದಿ ಬಂತು. ಅವಳು ಗೆರೆಗಳಿಂದ ಶುರುಮಾಡಲಿಲ್ಲ. ತನ್ನ ಕೈ ಇರುವ ವಿಡಿಯೋ ಹಾಕಿದಳು.

"ಮುಟ್ಟಬಾರದು ಅಂತ ಹೇಳಿದ್ದೆ," ಎಂದರು ಮೇಡಂ.

"ಹೌದು ಮೇಡಂ. ಮುಟ್ಟಿದೀನಿ. ಹನ್ನೊಂದು ಸಲ. ಮುಟ್ಟಿದ್ದು ನನಗೆ ಗೊತ್ತಾಗ್ಲಿಲ್ಲ, ಪ್ಲೇಟಿಗೆ ಗೊತ್ತಾಯ್ತು." ನೀರು ಕುಡಿದು ಮುಂದುವರಿಸಿದಳು. ಅಜ್ಜನ ಎರಡು ನಡಿಗೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಳು, ಕೈ ಇದ್ದದ್ದು, ಇಲ್ಲದ್ದು. ಟೀಚರ್ ಅಜ್ಜಿ ಕುಸಿದದ್ದನ್ನೂ ತೋರಿಸಿದಳು. "ವಾರ್ಡಲ್ಲಿ ಚೆನ್ನಾಗಿ ನಡೀತಾರೆ ಅಂತ ಬರೆದು ಎಷ್ಟೋ ಮಂದೀನ ನಾನು ಮನೆಗೆ ಕಳಿಸಿದೀನಿ. ಆ ನಡಿಗೇಲಿ ಒಂದೂವರೆ ಕೆಜಿ ನನ್ನ ಕೈದಾಗಿತ್ತು. ಅದನ್ನ ನಾನು ಅವರ ಜೊತೆ ಕಳಿಸ್ಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಅಂದ್ರೆ ಹದಿನಾಲ್ಕು ವರ್ಷ ತಪ್ಪು ಮಾಡಿದ್ರಿ ಅಂತೀರಾ?"

"ತಪ್ಪು ಅನ್ನಲ್ಲ ಮೇಡಂ. ವಾರ್ಡಲ್ಲಿ ಮೇಲೆ ಹಗ್ಗ ಇಲ್ಲ. ಯಾರೂ ಬೀಳಲಿಲ್ಲ, ಅದು ನಿಜ. ಆದ್ರೆ ನಾನು ಹಿಡೀದೇ ಇದ್ರೂ ಅವರಲ್ಲಿ ಯಾರು ಬೀಳ್ತಿರಲಿಲ್ಲ, ಅದು ನನಗೆ ಗೊತ್ತಿಲ್ಲ. ಯಾರು ತಾವೇ ಸಾವರಿಸ್ಕೋತಾರೆ, ಯಾರು ಇಲ್ಲ, ಅದು ನನ್ನ ಕೈಗೆ ಗೊತ್ತಿದೆ ಅಂದ್ಕೊಂಡಿದ್ದೆ. ಗೊತ್ತಿಲ್ಲ."

"ಗೊತ್ತು ಮಾಡ್ಕೊಳ್ಳೋದು ಹೇಗೆ?"

"ಅದೂ ಗೊತ್ತಿಲ್ಲ ಮೇಡಂ. ನಾಲ್ಕು ವರ್ಷ ಕೊಟ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹಿಂದಿನ ಸಾಲಿನಲ್ಲಿ ತಕ್ಕಡಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಮೇಡಂ ನಗಲಿಲ್ಲ. ನಾಳೆ ತಿಳಿಸುತ್ತೇನೆ ಎಂದಷ್ಟೇ ಹೇಳಿ ಎದ್ದರು. ಹೊರಗೆ ಬಂದ ಮೇಲೆ ಎಂಜಿನಿಯರ್ ಹುಡುಗಿ ಅವಳ ಹಿಂದೆಯೇ ಮೆಟ್ಟಿಲು ಇಳಿದು ಬಂದಳು. "ಅಕ್ಕ, ನಾನು ತೆಗೆದುಹಾಕಿದ್ದನ್ನ ಇವತ್ತು ಕೂತು ಮತ್ತೆ ನೋಡ್ತೀನಿ. ನಲವತ್ತೆರಡನ್ನೂ," ಎಂದು ಹೇಳಿ ಹೋದಳು.

ಶನಿವಾರ ಬೆಳಿಗ್ಗೆ ವಾರ್ಡಿನ ಕಾರಿಡಾರಿನಲ್ಲಿ ಫೋನು ಬಂದಾಗ ಅವಳ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ರೋಗಿಗಳ ಚಾರ್ಟು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಒಂದನೇ ತಾರೀಕಿಂದ ಬರೋಕಾಗುತ್ತಾ? ಆಸ್ಪತ್ರೆಯವರು ಬಿಡ್ತಾರಾ?" ಮೇಡಂ ದನಿ ಎಂದಿನಂತೆ ಒಣದಾಗಿತ್ತು. "ಆ ಹುಡುಗಿಗೆ ಮುಂದಿನ ವರ್ಷ ಇದೆ, ನಿಮಗಿಲ್ಲ. ಅದಕ್ಕೇ ಕೊಟ್ಟೆ ಅಂತ ಮಾತ್ರ ತಿಳ್ಕೋಬೇಡಿ. ಆ ಹನ್ನೊಂದು ಫೈಲು ಯಾರೂ ಅಳಿಸದ ಹಾಗೆ ನೋಡ್ಕೊಳ್ಳಿ. ನಾವು ಶುರು ಮಾಡೋದು ಅಲ್ಲಿಂದಲೇ."

ಆಗಲಿ ಮೇಡಂ ಎಂದಳು. ಬೇರೆ ಏನು ಹೇಳಿದಳೋ ಅವಳಿಗೆ ನೆನಪಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ, ಚಾರ್ಟನ್ನು ಕಂಕುಳಲ್ಲಿ ಸಿಕ್ಕಿಸಿ, ಗಂಡನಿಗೂ ತಕ್ಕಡಿಗೂ ಒಂದೊಂದು ಸಾಲು ಬರೆದು ಕಳಿಸಿದಳು. ಗಂಡನಿಂದ ತಕ್ಷಣ ಉತ್ತರ ಬಂತು. ಅಮ್ಮ ತನಗೂ ಒಂದು ಅರ್ಜಿ ತಂದುಕೊಡು ಅಂತಿದ್ದಾಳೆ ಎಂದಿತ್ತು.

ಏಳನೇ ಮಂಚದಲ್ಲಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹೆಂಗಸು ಕಾಲು ಇಳಿಬಿಟ್ಟು ಕಾಯುತ್ತಿದ್ದಳು. ಸೊಂಟದ ಆಪರೇಷನ್ ಆಗಿ ಒಂಬತ್ತು ದಿನ. ಇವತ್ತು ಮೊದಲ ಸಲ ಒಂದೇ ಊರುಗೋಲಿನಲ್ಲಿ ಕಿಟಕಿಯವರೆಗೆ ನಡೆಯಬೇಕು, ಹನ್ನೆರಡು ಹೆಜ್ಜೆ. ವಾರ್ಡಿನ ಚಾವಣಿಯಲ್ಲಿ ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ಅದನ್ನು ಒಂದು ಸಲ ನೋಡಿ, ರೋಗಿಯ ಬಲಕ್ಕೆ ಅರ್ಧ ಹೆಜ್ಜೆ ಹಿಂದೆ ನಿಂತಳು.

ಹೆಂಗಸು ನಾಲ್ಕು ಹೆಜ್ಜೆ ಇಟ್ಟು ನಿಂತಳು. ಹಿಂದಿರುಗಿ ನೋಡಲು ಹೆದರಿಕೆ.

"ಅಕ್ಕಾ, ಹಿಡ್ಕೊಂಡಿದೀರಾ?"

"ಇಲ್ಲೇ ಇದೀನಿ."

"ಹಿಡ್ಕೊಂಡಿದೀರಾ ಅಂತ ಕೇಳಿದ್ದು."

"ಇಲ್ಲ. ಇಲ್ಲೇ ಇದೀನಿ."

ಹೆಂಗಸು ಉಸಿರು ಎಳೆದುಕೊಂಡು ಐದನೆಯದನ್ನು ಇಟ್ಟಳು. ಆರು. ಏಳನೆಯದಕ್ಕೆ ಸೊಂಟ ಸ್ವಲ್ಪ ಬಲಕ್ಕೆ ಸರಿಯಿತು, ಊರುಗೋಲು ಟಕ್ಕೆಂದು ಜಾಗ ಬದಲಿಸಿತು, ಎಡಗಾಲು ತುಸು ಸೊಟ್ಟಗೆ ಬಂದರೂ ನೆಲಕ್ಕೆ ಕೂತಿತು. ಅವಳ ಮೊಣಕೈ ಕೆಳಗೆ ಅಕ್ಕನ ಅಂಗೈ ಬಿಚ್ಚಿಕೊಂಡೇ ಇತ್ತು. ನಡುವೆ ನಾಲ್ಕು ಬೆರಳು ಜಾಗ. ಆ ಸಂದಿಯಿಂದ ಕಿಟಕಿಯ ಬಿಸಿಲು ತೂರಿ ಬಂದು ನೆಲದ ಮೇಲೆ ಬಿದ್ದಿತ್ತು, ಇಬ್ಬರ ಜೊತೆಗೂ ಹೆಜ್ಜೆ ಹೆಜ್ಜೆಗೆ ಮುಂದೆ ಸರಿಯುತ್ತಿತ್ತು.